ಗೀರು ಬಿದ್ದ ಪ್ಲೇಟು

ಮಲಪ್ರಭೆಯ ದಂಡೆಯ ಆ ಮಠಕ್ಕೆ ಜನ ಕಾಯಿ, ಕರ್ಪೂರ ಹಿಡಿದು ಬರುತ್ತಾರೆ. ವಿರೂಪಾಕ್ಷಿ ಆವತ್ತು ಹಾಡಿನ ಪೆಟ್ಟಿಗೆ ಹೊತ್ತುಕೊಂಡು ಬಂದ.

ಅಜ್ಜಾರು ಕಟ್ಟೆಯ ಮೇಲೆ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು. ಆ ಸೀಮೆಯಲ್ಲಿ ಮಠದ ಸ್ವಾಮಿಗಳನ್ನು ಅಜ್ಜಾರು ಅಂತಲೇ ಕರೆಯುವುದು. ಇವರಿಗೆ ಎಂಬತ್ತು ದಾಟಿತ್ತು. ಆದರೂ ಬೇಳೆಯೊಳಗಿನ ಒಂದು ಹರಳೂ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ.

“ಏನಪಾ ಅದು?”

“ಪ್ಲೇಟ್ ಹಚ್ಚೋ ಮಷೀನ್ರಿ, ಅಜ್ಜಾರ. ಬ್ಯಾಟರಿದು.”

“ಭಜನಿ ಪ್ಲೇಟೇನು?”

“ಅಲ್ಲರಿ. ಇಂಗ್ಲಿಷ್ ಹಾಡು. ರಾಕ್ ಅಂತಾರ. ಭಾಳ ಗದ್ದಲ ಇರತೈತ್ರಿ.”

“ಇರಲಿ ಬಿಡು, ಹೊಳಿಗೇನು ನಿದ್ದಿ ಕೆಡತೈತಿ? ಯಾಕ ತಂದಿ, ಅದನ್ನ ಹೇಳು.”

ವಿರೂಪಾಕ್ಷಿ ಹನ್ನೊಂದು ವರ್ಷದಿಂದ ಅವರ ಶಿಷ್ಯ. ಏನು ಕೇಳಬೇಕಾದರೂ ಸುತ್ತಿ ಬಳಸಿ ಕೇಳುವ ಮನುಷ್ಯ. ಆವತ್ತು ಮಾತ್ರ ನೇರ ಅಂದ.

“ನನಗ ಅಳು ಬರವಲ್ದ್ರಿ. ಗೆಳ್ಯಾ ದಾದಾಪೀರ ತೀರಿಹೋಗಿ ಎರಡು ವರ್ಷ ಆತು. ಒಂದು ಹನಿ ಬಂದಿಲ್ಲ. ಎದಿಯಾಗ ಕಲ್ಲು ಕುಂತಂಗ ಕುಂತೈತಿ. ಊಟ ಸೇರೂದಿಲ್ಲ. ಯಾಕರ ಬದುಕೀನೋ ಅನಸ್ತೈತ್ರಿ.”

ಅಜ್ಜಾರು ಮೊರವನ್ನು ಪಕ್ಕಕ್ಕಿಟ್ಟರು.

ಅವನು ಹೇಳಿದ್ದು ಇಷ್ಟು.

ದಾದಾಪೀರ, ವಿರೂಪಾಕ್ಷಿ ಇಬ್ಬರೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಒಂದೇ ದಿನ ಸೇರಿದವರು. ಎಪ್ಪತ್ನಾಲ್ಕನೇ ಇಸವಿ. ಡೆಸ್ಮಂಡ್ ಅಂತ ಒಬ್ಬ ಆಂಗ್ಲೋ-ಇಂಡಿಯನ್ ಡ್ರೈವರ್ ಕೆಲಸ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೊರಟಾಗ, ಒಂದು ಗ್ರಾಮಫೋನ್ ಪ್ಲೇಟು ಇವರ ಕೈಗಿಟ್ಟು ಹೋದ. ಎರಡು ವರ್ಷದ ಹಿಂದಷ್ಟೇ ವಿಲಾಯತಿಯಲ್ಲಿ ಬಂದ ಪ್ಲೇಟು. ಕವರಿನ ಮೇಲೆ ಉದ್ದ ಕೂದಲಿನ ನಾಲ್ಕು ಮಂದಿ, ನಡುವೆ ಒಂದು ಒಣಗಿದ ಮರ.

ಅಲ್ಲ, ಇಂಗ್ಲಿಷ್ ನೆಟ್ಟಗೆ ಬಾರದವರಿಗೆ ಇಂಗ್ಲಿಷ್ ಹಾಡಿನ ಗೀಳು ಯಾಕೆ ಅಂತೀರೇನೋ. ಹಿಡಿಯಿತು, ಅಷ್ಟೇ. ಎರಡನೇ ಹಾಡಿನ ಡ್ರಮ್ಮು ಕೇಳಿದರೆ ಸೇತುವೆ ಮೇಲೆ ಗೂಡ್ಸ್ ಗಾಡಿ ಹೋದ ಹಾಗೆ, ವರ್ಕ್‌ಶಾಪಿನ ಹುಡುಗರಿಗೆ ಇನ್ನೇನು ಬೇಕು! ದಾದಾಪೀರ ಒಂದು ಹಳೇ ಗಿಟಾರು ತಂದ. ವಿರೂಪಾಕ್ಷಿ ಎಣ್ಣೆ ಡಬ್ಬಿ ಬಾರಿಸಿದ.

ಅದರ ಮೂರನೇ ಹಾಡೇ ಹಾಡು. ಅಲ್ಲೊಂದು ಕಡೆ ಆ ಗಾಯಕ “ವೇಟ್ ಫಾರ್ ಮಿ” ಅಂತ ಮೂರು ಸಲ ಕೂಗುತ್ತಿದ್ದ. ಪ್ರತಿ ಕೂಗಿಗೂ ಮುಂಚೆ ಟಕ್ ಅಂತ ಒಂದು ಪೆಟ್ಟು. ಟಕ್, ವೇಟ್ ಫಾರ್ ಮಿ. ಟಕ್, ವೇಟ್ ಫಾರ್ ಮಿ. ನನಗೋಸ್ಕರ ಕಾಯಿ ಅಂತ, ಅಷ್ಟು ಇಂಗ್ಲಿಷ್ ಇಬ್ಬರಿಗೂ ಗೊತ್ತಿತ್ತು. ದಾದಾಪೀರ ಅದನ್ನು ಹಾಡುವಾಗ ನಾಲಿಗೆಯಲ್ಲೇ ಟಕ್ ಅನ್ನಿಸುತ್ತಿದ್ದ.

ಸಂಜೆ ಸೈರನ್ ಆದಮೇಲೆ ವಿರೂಪಾಕ್ಷಿ ಮೊದಲು ಕೈ ತೊಳೆದು ಸೈಕಲ್ ಹಿಡಿದು ಗೇಟಿಗೆ ಬರುವವನು. ಒಳಗಿನಿಂದ ದಾದಾಪೀರ ಹಾಡುವವನು, ಮೂರು ಸಲ, ಟಕ್ ಸಮೇತ. ಇವನು ನಿಲ್ಲುವವನು. ಇಬ್ಬರೂ ನಿವೃತ್ತರಾಗುವವರೆಗೆ, ಮದುವೆ ಮಕ್ಕಳು ಎಲ್ಲ ಆದಮೇಲೂ, ಒಂದು ದಿನವೂ ಅವನು ಕಾಯದೆ ಹೋದದ್ದಿಲ್ಲ.

ಒಂದು ದಿನ ಹೋದ.

ದಾದಾಪೀರ ಆಸ್ಪತ್ರೆಯಲ್ಲಿದ್ದಾಗ ವಿರೂಪಾಕ್ಷಿ ಏಳು ದಿನ ಮಂಚ ಬಿಟ್ಟು ಕದಲಿರಲಿಲ್ಲ. ಎಂಟನೇ ದಿನ ದಾದಾನ ಹೆಂಡತಿ ಹಸೀನಾ, “ಅಣ್ಣಾರ, ಮನಿಗೆ ಹೋಗಿ ಜಳಕ ಮಾಡಿ ಬರ್ರಿ, ನಾ ಇರ್ತೀನಲ್ಲ” ಅಂದಳು. ಇವನು ಎದ್ದ. ಬಾಗಿಲ ತನಕ ಹೋಗಿದ್ದನೋ ಇಲ್ಲವೋ, ಮಂಚದಿಂದ ಸಣ್ಣ ದನಿ ಬಂತು. ಮೂಗಿಗೆ ನಳಿಗೆ ಹಾಕಿಸಿಕೊಂಡವನು ನಾಲಿಗೆಯಲ್ಲಿ ಟಕ್ ಅನ್ನಿಸಿ ಹಾಡುತ್ತಿದ್ದ. ಮೂರು ಸಲ.

“ಎಲ್ಲಿ ಹೊಂಟೀನೋ ಮಾರಾಯಾ, ಈಗ ಬಂದೆ” ಅಂತ ವಿರೂಪಾಕ್ಷಿ ನಕ್ಕು ಹೋದ.

ಮನೆಯಲ್ಲಿ ಜಳಕ ಮಾಡಿದ. ಹೆಂಡತಿ ಬಲವಂತ ಮಾಡಿದಳು ಅಂತ ಒಂದು ರೊಟ್ಟಿ ತಿಂದ. ವಾಪಸ್ ಬಂದಾಗ ದಾದಾನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

“ಎಲ್ಲಾರೂ ನಿಂದೇನು ತಪ್ಪಿಲ್ಲ ಅಂತಾರ್ರಿ” ಅಂದ ವಿರೂಪಾಕ್ಷಿ. “ಹಸೀನಾನೂ ಅದನ್ನ ಅಂತಾಳ. ನನ್ನ ಹೆಂಡ್ತಿನೂ ಅದನ್ನ ಅಂತಾಳ. ಡಾಕ್ಟರೂ ಅಂದ್ರು. ಅವರು ಹಂಗ ಅಂದಷ್ಟೂ ಕಲ್ಲು ಒಳಗ ಇಳೀತೈತಿ.”

“ಹಾಡು ಕೇಳಿದಿಯೇನು?”

“ಅದಕ್ಕ ಬಂದೀನ್ರಿ. ಹಳೇ ಪ್ಲೇಟು ದಾದಾನ ಮನಿಯಾಗಿತ್ತು, ಬಿಸಲಿಗೆ ಬಾಗಿ ಹಪ್ಪಳ ಆಗೈತಿ. ಹೋದ ತಿಂಗಳು ಹೊಸಾದು ತರಿಸಿದೆ. ಅದ ಪ್ಲೇಟು, ಅದ ಮರ. ಅದನ್ನ ಕೇಳಿದ್ರರ ಅಳು ಬಂದೀತು ಅಂತ ಕದ ಹಾಕ್ಕೊಂಡು ಕುಂತೆ.”

“ಬಂತೇನು?”

“ಎಲ್ಲಾ ಅದ ಐತ್ರಿ. ಡ್ರಮ್ಮು, ಗಿಟಾರು, ಎಲ್ಲಾ. ಆದ್ರ ಯಾರದೋ ಮನಿ ಮದವಿ ಬ್ಯಾಂಡಿನಂಗ ಕೇಳಸ್ತು. ಮೂರನೇ ಹಾಡು ಬಂತು. ಆ ಜಾಗಾ ಬಂತು.” ಅವನು ಪೆಟ್ಟಿಗೆಯ ಕಡೆ ತಿರುಗಿದ.

“ಹೇಳು.”

“ಟಕ್ ಇಲ್ಲರಿ. ಮೂರು ಸಲಾನೂ ಇಲ್ಲ. ಅದು ಹಾಡಿನಾಗಿಂದ ಅಲ್ಲ, ಡೆಸ್ಮಂಡ್ ಸಾಹೇಬರ ಪ್ಲೇಟಿನ ಗೀರು! ಮುಳ್ಳು ಅಲ್ಲಿ ಸಿಕ್ಕೊಂಡು ಹಿಂದಕ್ಕ ಜಿಗೀತಿತ್ತು. ನಾವು ಅದನ್ನ ಹಾಡು ಅಂತ ತಿಳದು ಜೀವಮಾನ ಎಲ್ಲಾ ಹಾಡಿದ್ವಿ. ಹೊಸಾದರಾಗ ಆ ಮನಶ್ಯಾ ಒಂದ ಸಲ ಅಂತಾನ. ಡೋಂಟ್ ವೇಟ್ ಫಾರ್ ಮಿ.”

“ಹಂಗಂದ್ರ?”

“ನನ್ನ ಸಲುವಾಗಿ ಕಾಯಬ್ಯಾಡ ಅಂತ್ರಿ. ಆ ಡೋಂಟ್ ಅನ್ನೂದು ಟಕ್ಕಿನ ಕೆಳಗ ಮುಚ್ಚಿ ಹೋಗಿತ್ತು.”

“ಕಾಯಬ್ಯಾಡ ಅಂದಾನಲ್ಲ ಮತ್ತ. ಬಿಡುಗಡಿ ಆತು.”

ವಿರೂಪಾಕ್ಷಿ ತಲೆ ಅಲ್ಲಾಡಿಸಿದ.

“ಆ ಬ್ಯಾಡ ದಾದಾಗ ಗೊತ್ತಿರಲಿಲ್ಲರಿ. ಅವಾ ಅದನ್ನ ಕೇಳೇ ಇಲ್ಲ. ಅವಾ ನನಗ ಕಾಯಿ ಅಂತನ ಅಂದಿದ್ದಾ.”

ಅವನು ತನ್ನ ಅಂಗೈ ನೋಡಿಕೊಂಡ. ಆಮೇಲೆ, ಮಾಡಬಾರದ್ದು ಮಾಡಿದ ಹುಡುಗನ ಹಾಗೆ, ಸಣ್ಣ ದನಿಯಲ್ಲಿ ಅಂದ.

“ಆಮ್ಯಾಲೆ ಒಂದು ಹುಚ್ಚು ಕೆಲಸ ಮಾಡಿದೆ. ಹೊಲಿಗಿ ಸೂಜಿ ತಗೊಂಡು ಹೊಸಾ ಪ್ಲೇಟಿಗೆ ಅದ ಜಾಗಾದಾಗ ಗೀರು ಹಾಕಿದೆ. ದಾದಾನ ಟಕ್ ತಿರುಗಿ ಬರ್ಲಿ ಅಂತ.”

ಅರವತ್ತೆಂಟು ವರ್ಷದ ಫಿಟ್ಟರ್! ಕೂದಲೆಳೆ ಅಳತೆಯ ಕೆಲಸ ಮಾಡಿದ ಕೈ. ಆ ಕೈಗೂ ಸತ್ತವನ ಗೀರು ಸಿಗಲಿಲ್ಲ.

“ಹಚ್ಚು, ನೋಡೂಣು” ಅಂದರು ಅಜ್ಜಾರು.

ಅವನು ಪೆಟ್ಟಿಗೆ ತೆರೆದ. ಪ್ಲೇಟು ತಿರುಗಿತು. ಮುಳ್ಳು ಇಳಿಸಿದ. ಗಿಟಾರು ಬಂತು, ಹಾಡು ಏರಿತು, ಆ ಜಾಗ ಬಂತು.

ಡೋಂಟ್. ಟಕ್. ಡೋಂಟ್. ಟಕ್. ಡೋಂಟ್.

ಮೂರಕ್ಕೆ ನಿಲ್ಲಲಿಲ್ಲ. ಮುಂದಕ್ಕೂ ಹೋಗಲಿಲ್ಲ. ಬೇಡ, ಬೇಡ, ಬೇಡ ಅಂತ ಅಲ್ಲೇ ಗಿರಕಿ ಹೊಡೆಯತೊಡಗಿತು.

“ಇದ ಉಳೀತ್ರಿ ನನಗ” ಅಂದ ವಿರೂಪಾಕ್ಷಿ. ಮುಳ್ಳು ಎತ್ತಲು ಕೈ ಚಾಚಿದ.

ಅಜ್ಜಾರು ಅವನ ಮಣಿಕಟ್ಟು ಹಿಡಿದರು. “ಮುಟ್ಟಬ್ಯಾಡ. ನಾ ಹೊಳಿಗೆ ಹೋಗಿ ಜಳಕ ಮಾಡಿ ಬರ್ತೀನಿ. ನೀ ಕಾಯಿ.”

ಹೆಗಲಿಗೆ ಪಂಚೆ ಹಾಕಿಕೊಂಡು ಮೆಟ್ಟಿಲು ಇಳಿದು ಹೋದರು. ಕಟ್ಟೆಯಿಂದ ಹೊಳೆ ಕಾಣುವುದಿಲ್ಲ, ನೀರಿನ ಸಪ್ಪಳ ಮಾತ್ರ ಕೇಳುತ್ತದೆ. ಆವತ್ತು ಅದೂ ಕೇಳಲಿಲ್ಲ. ಪೆಟ್ಟಿಗೆ ಡೋಂಟ್, ಡೋಂಟ್ ಅನ್ನುತ್ತಲೇ ಇತ್ತು.

ವಿರೂಪಾಕ್ಷಿ ಕಾದ.

ಕಟ್ಟೆಯ ಮೇಲಿದ್ದ ನೆರಳು ಕೆಳಗಿಳಿಯಿತು. ಅಜ್ಜಾರು ಬರಲಿಲ್ಲ. ಶ್ರಾವಣದ ಹೊಳೆ, ಸೆಳವು ಜೋರು, ಎಂಬತ್ತು ದಾಟಿದ ಕಾಲು. ಅವನು ಎದ್ದ. ಕಾಯಿ ಅಂದಿದ್ದಾರಲ್ಲ ಅಂತ ಮತ್ತೆ ಕೂತ. ಮೆಟ್ಟಿಲ ತುದಿ ಬಿಟ್ಟು ಕಣ್ಣು ಬೇರೆ ಕಡೆ ಹೋಗಲೊಲ್ಲದು. ಈಗ ಒಂದು ತಲೆ ಕಾಣುತ್ತದೆ, ಈಗ ಕಾಣುತ್ತದೆ.

ಕೊನೆಗೆ ಕಂಡಿತು. ಒದ್ದೆ ಪಂಚೆ, ನಿಧಾನದ ಹೆಜ್ಜೆ.

“ಭಾಳ ಹೊತ್ತು ಮಾಡಿದೆನೇನು?”

“ಹೌದ್ರಿ, ಅಜ್ಜಾರ.”

“ಸಿಟ್ಟು ಬಂತು?”

“ಇಲ್ಲರಿ.”

“ಬಿಟ್ಟು ಹೋದ್ನಲ್ಲ ಅಂತ ಬೈದಿ?”

“ಎಲ್ಲೀದು! ದಾರಿ ನೋಡಕೋತ ಕುಂತಿದ್ದೆ. ಬಂದ ಬರ್ತಾರ ಅಂತ ಗೊತ್ತಿತ್ತಲ್ಲರಿ.”

ಅಜ್ಜಾರು ಅವನ ಮುಖ ನೋಡಿದರು. ತಾನು ಅಂದದ್ದು ಅವನಿಗೇ ಆಗ ಕೇಳಿಸಿತು. ಮಂಚದ ಮೇಲಿಂದ ಬಾಗಿಲ ಕಡೆ ನೋಡುತ್ತಿದ್ದ ಕಣ್ಣು ಅವನಿಗೆ ಕಂಡಿತು. ಸಿಟ್ಟಿಲ್ಲದ ಕಣ್ಣು. ಬಂದೇ ಬರುತ್ತಾನೆ ಅಂತ ಗೊತ್ತಿದ್ದ ಕಣ್ಣು. ಅಯ್ಯೋ, ಬೈದಿದ್ದರೆ ಎಷ್ಟೋ ಚಲೋ ಇತ್ತು.

“ಆದ್ರ ನೀವು ಬಂದ್ರಿ, ಅಜ್ಜಾರ” ಅಂದ. “ನಾ… ನಾ ಹೊತ್ತಿಗೆ ಹೋಗಿ ಮುಟ್ಟಲಿಲ್ಲ.”

ಅಜ್ಜಾರು ಒದ್ದೆ ಪಂಚೆಯ ಸೆರಗು ಹಿಂಡಿದರು. ನೀರು ಕಲ್ಲಿನ ಮೇಲೆ ಬಿತ್ತು.

“ಹೌದಪಾ” ಅಂದರು. “ನೀ ಬರಲಿಲ್ಲ.”

ಎರಡು ವರ್ಷದಲ್ಲಿ ಅವನಿಗೆ ಈ ಮಾತನ್ನು ಯಾರೂ ಅಂದಿರಲಿಲ್ಲ.

ವಿರೂಪಾಕ್ಷಿ ಕಟ್ಟೆಯ ಮೇಲೆ ಬಗ್ಗಿ, ಹಣೆ ಕಲ್ಲಿಗೆ ಹಚ್ಚಿ, ಹೋ ಎಂದು ಅತ್ತ. ಬೇಳೆಯ ಮೊರ ಉರುಳಿತು. ಪೆಟ್ಟಿಗೆ ಬೇಡ, ಬೇಡ ಅನ್ನುತ್ತಲೇ ಇತ್ತು. ಅಜ್ಜಾರು ಮಾತ್ರ ಅಳಬೇಡ ಅನ್ನಲಿಲ್ಲ. ಪಕ್ಕದಲ್ಲಿ ಕೂತು, ಚೆಲ್ಲಿದ ಬೇಳೆಯನ್ನು ಒಂದೊಂದೇ ಆರಿಸಿ ಮೊರಕ್ಕೆ ಹಾಕಿದರು.

ಬಹಳ ಹೊತ್ತಿನ ಮೇಲೆ ಅವನ ಬೆನ್ನ ಮೇಲೆ ಕೈ ಇಟ್ಟು ಅಂದರು.

“ಈಗ ಮುಳ್ಳು ತೆಗಿ.”