ಖಾಕಾಬಾದಿನ ಗಾಳಿಗೋಪುರ

ಖಾಕಾಬಾದಿನ ದೊರೆ ಬೆಹ್ರೋಜ್ ಶಾ ಬಡವರ ಕೇರಿಯನ್ನು ಕೆಡವಿಸಿದ. ಅದು ತಪ್ಪು. ಆ ಜಾಗದಲ್ಲಿ ತನಗೊಂದು ಅಮೃತಶಿಲೆಯ ಅರಮನೆ ಕಟ್ಟಿಸಿದ. ಅದು ಇನ್ನೂ ದೊಡ್ಡ ತಪ್ಪು, ಯಾಕೆಂದರೆ ಅಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ಇರಾನಿನ ಮರಳುಗಾಡಿನ ಅಂಚಿನ ಊರು. ಬಿಸಿಲು ಬಿಳಿ ಗೋಡೆಗಳೊಳಗೆ ಇಳಿದು ರಾತ್ರಿಯಿಡೀ ಅಲ್ಲೇ ಮಲಗುತ್ತಿತ್ತು. ಮನುಷ್ಯರು ಎದ್ದು ಕೂರುತ್ತಿದ್ದರು.

ಒಂದು ಬೆಳಗ್ಗೆ ಡಂಗುರ ಕೇಳಿಸಿತು.

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಗೊಹರ್ ಮಕ್ಕಳುಮರಿ ಬಾಳುವಂಥ ಹೊಸ ಮನೆ ಕಟ್ಟಿಸುತ್ತಾಳೆ. ಅವಳ ಮೂರು ಒಗಟು ಒಡೆದವನೇ ಆ ಮನೆಯ ನಕ್ಷೆ ಬರೆಯಬೇಕು, ಅವನೇ ಅವಳ ಗಂಡ. ತಪ್ಪಿದವನಿಗೆ ನಾಳೆಯಿಂದ ತಲೆ ಇಲ್ಲ!"

ತಲೆಯ ಮಾತು ದೊರೆ ಸೇರಿಸಿದ್ದು. ಗೊಹರ್ ಕೇಳಿದ್ದು ಮನೆ ಮಾತ್ರ. ಹಸುಗೂಸಾಗಿದ್ದಾಗ ಅವಳು ಅದೇ ಕೇರಿಯ ದಾದಿಯ ಮನೆಯಲ್ಲಿ ಬೆಳೆದವಳು. ಈಗ ಜೊಂಪು ಹತ್ತಿದಾಗಲೆಲ್ಲ ತಣ್ಣನೆಯ ಮಣ್ಣಿನ ಮನೆಯೊಂದು ಕನಸಿಗೆ ಬರುತ್ತಿತ್ತು. ಎಚ್ಚರಾದರೆ ಕರಗುತ್ತಿತ್ತು, ಮೂರು ತುಣುಕು ಮಾತ್ರ ಉಳಿಯುತ್ತಿದ್ದವು. ಅವೇ ಒಗಟುಗಳಾದವು.

ಮೊದಲು ಬಂದವನು ರೇಷ್ಮೆ ವ್ಯಾಪಾರಿಯ ಮಗ. ಗೊಹರ್ ಕೇಳಿದಳು: "ಬಾಯಿ ಆಕಾಶದಲ್ಲಿ, ಹೊಟ್ಟೆ ನೆಲದಡಿಯಲ್ಲಿ. ದಿನವಿಡೀ ನುಂಗುತ್ತದೆ, ನುಂಗಿದ್ದು ಕಣ್ಣಿಗೆ ಕಾಣದು. ಅದರ ಹೊಟ್ಟೆ ತುಂಬಿದರೆ ಮನೆಮಂದಿಗೆ ನಿದ್ದೆ. ಏನದು?"

"ಬಾವಿ!"

"ಬಾವಿಯ ಬಾಯಿ ಯಾವಾಗ ಆಕಾಶಕ್ಕೆ ಹೋಯಿತು?"

ಅವನನ್ನು ಸೆರೆಗೆ ಎಳೆದರು. ಆಮೇಲೆ ಬಂದ ದಂಡನಾಯಕ ಮೀಸೆ ತಿರುವಿ, "ಒಲೆಯ ಹೊಗೆಗೂಡು" ಎಂದ.

"ಅದು ನುಂಗುವುದಿಲ್ಲ, ಉಗುಳುತ್ತದೆ," ಎಂದಳು ಗೊಹರ್. ಅವನನ್ನೂ ಎಳೆದರು.

ಮೂರನೆಯವನು ಯಾವರ್, ಮನೆಮನೆಗೆ ಹೋಗಿ ಹಾಸಿಗೆಯ ಹತ್ತಿ ಹಿಂಜುವವನು. ಕೇರಿ ಹೋದಮೇಲೆ ಅಜ್ಜಿ ಸನಮ್ ಬೀಬಿಯ ಜೊತೆ ಕೋಟೆಯಾಚೆ ಹರಕು ಡೇರೆಯಲ್ಲಿದ್ದ. ಗೆದ್ದರೆ ಕೇರಿ ಮರಳಬಹುದು. ಸೋತರೆ ಅಜ್ಜಿಗೆ ಯಾರೂ ಇಲ್ಲ. "ಹೋಗಬೇಡ ಮಗಾ, ನಿನ್ನ ತಲೆ ನನಗೆ ಬೇಕು," ಎಂದು ಅವಳು ಅಂಗಿ ಹಿಡಿದು ಜಗ್ಗಿದ್ದಳು.

ಅವನ ಹೆಗಲಲ್ಲಿ ಹತ್ತಿ ಹಿಂಜುವ ಬಿಲ್ಲು ಕಂಡು ದೊರೆ ನಕ್ಕ. "ಏನೋ, ಬಿಲ್ಲಿದೆ, ಬಾಣ ಎಲ್ಲಿ?"

"ಬಾಣ ಇಲ್ಲ ದೊರೆಯೇ, ಬರೀ ಹತ್ತಿ."

ಗೊಹರ್ ಮೊದಲ ಒಗಟು ಹೇಳಿದಳು. ಯಾವರ್ ತಡಮಾಡಲಿಲ್ಲ. "ಗಾಳಿಗೋಪುರ, ತಾಯಿ."

ಸಭೆ ಘೊಳ್ಳೆಂದು ನಕ್ಕಿತು. "ಗಾಳಿಗೋಪುರ ಕಟ್ಟುವುದು ಸೋಮಾರಿಗಳ ಕೆಲಸ ಕಣೋ!" ಎಂದ ದೊರೆ.

"ನಮ್ಮ ಕೇರಿಯಲ್ಲಿ ಅದನ್ನು ಇಟ್ಟಿಗೆಯಲ್ಲಿ ಕಟ್ಟುತ್ತಿದ್ದರು. ನೀವು ಕೆಡವಿಸಿದಿರಿ. ಅದು ಮೇಲಿನ ಗಾಳಿಯನ್ನು ನುಂಗಿ ನೆಲಮಾಳಿಗೆಯ ನೀರಿನ ತೊಟ್ಟಿಗೆ ಇಳಿಸುತ್ತಿತ್ತು. ಗಾಳಿ ನೀರನ್ನು ಸವರಿ ತಣ್ಣಗೆ ಕೋಣೆಗೆ ಬರುತ್ತಿತ್ತು. ನಾನು ಹಿಂಜಿದ ಹತ್ತಿಯ ಎಳೆಗಳು ಮೋಡದ ಮರಿಗಳ ಹಾಗೆ ಕೋಣೆಯಿಂದ ಕೋಣೆಗೆ ನಡೆಯುತ್ತಿದ್ದವು. ಮನೆ ಉಸಿರಾಡುವುದನ್ನು ನಾನು ಹತ್ತಿಯಲ್ಲಿ ಕಂಡಿದ್ದೇನೆ."

ಒಂದು ಎಳೆ ತೆಗೆದು ಗಾಳಿಗೆ ಬಿಟ್ಟ. ಅದು ಅಲುಗದೆ ನೆಟ್ಟಗೆ ದೊರೆಯ ಕಾಲ ಬಳಿ ಬಿತ್ತು. "ನೋಡಿ. ನಿಮ್ಮ ಅರಮನೆಗೆ ಉಸಿರಿಲ್ಲ."

ನಗು ನಿಂತಿತು. ಗೊಹರ್ ಮುಂದಕ್ಕೆ ಬಾಗಿದಳು. "ಬೆಳಗ್ಗೆ ನೆಲದ ಮೇಲೆ ಒಂದು ಜಮಖಾನೆ ಹಾಸಿರುತ್ತದೆ. ನೇಯ್ದವರಿಲ್ಲ. ಎಷ್ಟು ತುಳಿದರೂ ಸವೆಯದು. ಸಂಜೆ ಗೋಡೆ ಹತ್ತುತ್ತದೆ, ಕತ್ತಲಾದರೆ ಕಾಣೆಯಾಗುತ್ತದೆ. ಹಾಸುವವರು ಯಾರು?"

ಯಾವರ್ ಕಣ್ಣು ಮುಚ್ಚಿದ. "ಬಣ್ಣದ ಗಾಜಿನ ಕಿಟಕಿ. ಸೂರ್ಯನ ಬಿಸಿಯನ್ನು ಹೊರಗೇ ನಿಲ್ಲಿಸಿ, ಬೆಳಕನ್ನು ಮಾತ್ರ ಒಳಗೆ ಕರೆಯುತ್ತದೆ. ಅಜ್ಜಿ ರೊಟ್ಟಿ ತಟ್ಟುವಾಗ ಅವಳ ಒಂದು ಕೈ ಕೆಂಪು, ಒಂದು ಕೈ ನೀಲಿ. ನಾನು ಹಸಿರು ಚೌಕದಲ್ಲಿ ಮಲಗುತ್ತಿದ್ದೆ. ಅದು ಸರಿದ ಹಾಗೆ ನಾನೂ ಸರಿಯುತ್ತಿದ್ದೆ."

"ಹೌದು," ಎಂದಳು ಗೊಹರ್, ಕನಸಿನಲ್ಲಿ ಮಾತಾಡುವವಳಂತೆ. "ಕೊನೆಯದು. ಅದು ಮನೆಯದೇ, ಆದರೆ ಮನೆಯವರದಲ್ಲ. ಬಾಗಿಲು ಹಾಕಿದರೂ ಅದು ತೆರೆದಿರುತ್ತದೆ. ಅದಿಲ್ಲದ ಮನೆ ಮನೆಯಲ್ಲ, ಗೋರಿ."

ಯಾವರ್ ಮನಸ್ಸಿನಲ್ಲೇ ಒಂದೊಂದಾಗಿ ತೂಗಿದ. ಅಂಗಳ? ಅದು ಮನೆಯವರದು. ದೀಪ? ಆರುತ್ತದೆ. ಸೆರೆಗೆ ಎಳೆಯಲು ಕೊತ್ವಾಲ ಹತ್ತಿರ ಬಂದು ನಿಂತ. ಯಾವರ್ ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದ.

"ಯಾಕೋ ಕುಣಿಯುತ್ತೀ?" ಎಂದ ದೊರೆ.

"ಕಾಲು ಸೋತಿವೆ ದೊರೆಯೇ. ಬೆಳಗಿನಿಂದ ನಿಮ್ಮ ಬಾಗಿಲಲ್ಲಿ ನಿಂತಿದ್ದೆ. ಕೂರೋಣವೆಂದರೆ ಅಲ್ಲಿ..." ಎಂದವನು ತಟ್ಟನೆ ನಿಲ್ಲಿಸಿದ. ಮುಖ ಅರಳಿತು. "ಬಾಗಿಲ ಪಕ್ಕದ ಕೂರುವ ಕಲ್ಲು! ದಣಿದವನು ಕೂರಲಿ ಎಂದು ಹೊಸ್ತಿಲಾಚೆ ಹಾಕಿದ್ದು. ಅದಕ್ಕೆ ಯಾರ ಅಪ್ಪಣೆಯೂ ಬೇಡ."

"ಅದೇ. ಈಗ ಆ ಕಲ್ಲುಗಳು ಎಲ್ಲಿವೆ?" ಎಂದಳು ಗೊಹರ್.

ಯಾವರ್ ಸಿಂಹಾಸನದ ಮೆಟ್ಟಿಲು ತೋರಿಸಿದ. "ಅವೇ. ನಮ್ಮಜ್ಜಿ ಕೂತು ಕೂತು ಬಿದ್ದ ಕುಳಿ ಅಲ್ಲಿದೆ, ದೊರೆಯ ಪಾದದ ಕೆಳಗೆ."

ದೊರೆ ಗಕ್ಕನೆ ಕಾಲೆತ್ತಿದ. ಕುಳಿ ಇತ್ತು.

"ಅಪ್ಪಾ, ಡಂಗುರ ಹೊಡೆಸಿದ್ದು ನೀವು, ಗೆದ್ದವನು ಇವನು," ಎಂದಳು ಗೊಹರ್. "ಆದರೆ ಕೇರಿ ಇಲ್ಲದ ಊರಲ್ಲಿ ಆ ಕಲ್ಲಿನ ಮೇಲೆ ಯಾರು ಕೂರಬೇಕು? ಮೊದಲು ಕೇರಿ ಎದ್ದು ನಿಲ್ಲಲಿ."

"ಸೆರೆಯಲ್ಲಿರುವ ಇಬ್ಬರ ತಲೆಯೂ ಅವರ ಹೆಗಲ ಮೇಲೇ ಇರಲಿ," ಎಂದ ಯಾವರ್.

ಊರೆಲ್ಲ ಕೇಳುವಂತೆ ಕೊಟ್ಟ ಮಾತು. ದೊರೆ ತಲೆಯಾಡಿಸಲೇಬೇಕಾಯಿತು.

ಅರಮನೆಯ ಶಿಲೆ ಕಳಚಿ ಆ ಜಾಗದಲ್ಲಿ ಮತ್ತೆ ಇಟ್ಟಿಗೆಯ ಕೇರಿ ಕಟ್ಟಿದರು. ಗೊಹರ್ ಮತ್ತು ಯಾವರ್ ತಮ್ಮ ಮನೆಯ ನಕ್ಷೆಯನ್ನು ಹತ್ತಿಯಿಂದ ಬರೆದರು: ಬಯಲಲ್ಲಿ ಎಳೆಗಳನ್ನು ತೂರಿ, ಅವು ಹೋದ ಕಡೆ ಕಿಟಕಿ ಬಿಟ್ಟರು, ತಂಗಿದ ಕಡೆ ಕೋಣೆ ಇಟ್ಟರು. ಅದು ಹಳೆಯ ಮನೆಯ ನಕಲಾಗಲಿಲ್ಲ. ನಾಳೆಯ ಮಕ್ಕಳಿಗೆ ಬೇಕಾದ ಹೊಸ ಮನೆಯಾಯಿತು, ಹಳೆಯ ಉಸಿರಿನದು. ಬಾಗಿಲಾಚೆ ಕುಳಿಬಿದ್ದ ಕಲ್ಲು ಹಾಕಿದ ದಿನ ಸನಮ್ ಬೀಬಿ ಬಂದು ಕೂತಳು. ಒಳಗೆ ಗೊಹರ್ ಹಸಿರು ಚೌಕದಲ್ಲಿ ನಿದ್ದೆಹೋದಳು.

ಕತೆ ಕೇಳಿದಿರಲ್ಲ, ಈಗ ಎದ್ದೇಳಿ. ನಿಮ್ಮ ಗೇಟಿನಾಚೆ, ಸೊಪ್ಪು ಮಾರುವವಳು ಬುಟ್ಟಿ ಹೊತ್ತು ಕಾಯುವ ಜಾಗದಲ್ಲಿ ಬಿಸಿಲಿಗೆ ನಿಂತು ನೋಡಿ. ಕೂರಲು ಏನೂ ಇಲ್ಲ ಅಲ್ಲವೇ? ಅಲ್ಲೊಂದು ಕಲ್ಲು ಹಾಕಿ. ಇವತ್ತೇ ಹಾಕಿ.