ದೇವಿಯ ಮುಂದೆ ಇಟ್ಟ ನಾಲಿಗೆ

ಸ್ವಲ್ಪ ಇತ್ತ ಸರಿದು ಕೂಡ್ರಿ, ಬಾಗಿಲು ಮುಂದೆ ಮಾಡಿ. ಇದು ಗಟ್ಟಿಯಾಗಿ ಹೇಳುವ ಮಾತಲ್ಲ. ಪೂಜ್ಯ ಬೇವಿನಕಟ್ಟೆ ಅಜ್ಜನವರ ಪಾದದಾಣೆ, ನಿಮ್ಮ ಸೊಸೆಗೂ ಹೇಳಕೂಡದು. ರಾಚವ್ವನ ಮೊಮ್ಮಕ್ಕಳು ಇನ್ನೂ ಇದೇ ಓಣಿಯಲ್ಲಿದ್ದಾರೆ.

ಅಜ್ಜನವರ ಮಠವೆಂದರೆ ದೊಡ್ಡ ಮಠವೇನಲ್ಲ. ನೇಕಾರ ಓಣಿಯ ತುದಿಗೆ ಒಂದು ಬೇವಿನ ಮರ, ಅದರ ಕಟ್ಟೆ, ಹಿಂದೊಂದು ತಗಡಿನ ಚಪ್ಪರ. ಅಲ್ಲಿ ಅಜ್ಜನವರು ದಿನವಿಡೀ ಮುತ್ತುಗದ ಎಲೆ ಹಚ್ಚುತ್ತ ಕುಳಿತಿರುತ್ತಿದ್ದರು. ಹಸಿದು ಬಂದವರಿಗೆ ಆ ಎಲೆಯಲ್ಲೇ ಅನ್ನ ನೀಡುತ್ತಿದ್ದರು. ವಸಂತ ಪಂಚಮಿಗೆ ಅಲ್ಲಿ ಶಾರದೆಯ ಪೂಜೆ. ಯಾರು ಯಾವುದರಿಂದ ಬದುಕುತ್ತಾರೋ ಆ ಹತ್ಯಾರವನ್ನು ತಂದು ದೇವಿಯ ಮುಂದೆ ಇಡಬೇಕು. ನೇಕಾರರ ಲಾಳಿ, ಬಡಿಗನ ಉಳಿ, ಮಕ್ಕಳ ಪಾಟಿ, ವಿರೂಪಣ್ಣ ಮಾಸ್ತರನ ಹಾರ್ಮೋನಿಯಂ. ಮರುದಿನದ ಮಂಗಳಾರತಿಯವರೆಗೆ ಅದನ್ನು ಯಾರೂ ಮುಟ್ಟುವಂತಿಲ್ಲ. ಅದು ಅಜ್ಜನವರ ಕಟ್ಟಳೆ.

ಆ ವರ್ಷ ಪಂಚಮಿಯ ಬೆಳಗ್ಗೆ ರಾಚವ್ವ ನಿಂತಲ್ಲಿ ನಿಲ್ಲಲಿಲ್ಲ, ಕೂತಲ್ಲಿ ಕೂಡಲಿಲ್ಲ. ಮೂರು ದಿನದಿಂದ ಹೊಟ್ಟೆಯೊಳಗೆ ಸುದ್ದಿ ಕುದಿಯುತ್ತಿತ್ತು. ಪಕ್ಕದ ಮನೆ ಹೊನ್ನವ್ವನ ಮಗಳು ಶಾಂಭವಿ, ಅದೇ ಸಂಜೆ ನಿಶ್ಚಯವಾಗಬೇಕಾದ ಹುಡುಗಿ, ನಸುಕಿನಲ್ಲಿ ತಲೆತುಂಬ ಸೆರಗು ಹೊದ್ದು ವಿರೂಪಣ್ಣ ಮಾಸ್ತರನ ಹಿತ್ತಲ ಬಾಗಿಲಿಂದ ಒಳಗೆ ಹೋಗುತ್ತಿದ್ದಳು! ಅದೂ ಮಾಸ್ತರನ ಹೆಂಡತಿ ಪಾರವ್ವ ತವರಿಗೆ ಹೋಗಿದ್ದಾಳೆಂದು ಮಾಸ್ತರನೇ ಹೇಳಿಕೊಂಡು ತಿರುಗುತ್ತಿದ್ದಾಗ. ಹಾಡು ಕಲಿಯುವುದಕ್ಕೆ ಹಿತ್ತಲ ಬಾಗಿಲು ಯಾಕೆ ಬೇಕು, ನೀವೇ ಹೇಳಿ. ಹಿಂದೆ ಪಾರವ್ವ ನಳದ ಹತ್ತಿರ ಮೂರ್ಛೆ ಬಿದ್ದಾಗ, ‘ಅಕಿಗೆ ಗಾಳಿ ಬಡದೈತಿ’ ಎಂದು ಹಬ್ಬಿಸಿ ಮಾಸ್ತರನ ಹಾಡಿನ ಮಕ್ಕಳನ್ನೆಲ್ಲ ಬಿಡಿಸಿದವಳೂ ಇದೇ ರಾಚವ್ವ. ಶಾಂಭವಿ ಒಬ್ಬಳೇ ಬಿಡದೆ ಉಳಿದಿದ್ದಳು.

ಓಣಿಯೆಲ್ಲ ಕೂಡಿದಲ್ಲೇ ಈ ಗಡಿಗೆ ಒಡೆಯಬೇಕೆಂದು ರಾಚವ್ವ ಮಠಕ್ಕೆ ಬಂದಳು.

“ಅಜ್ಜಾರ, ನಾಕು ಮಂದಿಯೊಳಗ ನನ್ನದೊಂದು ಮಾತೈತಿ.”

ಅಜ್ಜನವರು ಎಲೆಯಿಂದ ಕಣ್ಣೆತ್ತಲಿಲ್ಲ. “ಎಲ್ಲಾರೂ ತಮ್ಮ ಹತ್ಯಾರ ಇಟ್ಟಾರ. ನಿಂದೆಲ್ಲಿ, ರಾಚವ್ವಾ?”

“ನಾ ಮುದುಕಿ, ನಂದ್ಯಾವ ಹತ್ಯಾರರೀ?”

“ದಿನಾ ಯಾವುದು ಆಡಿಸ್ತಿ, ಅದನ್ನ ಇಡು.”

ಅಜ್ಜನವರು ಕೆಂಪು ನಾಲಿಗೆಯಂತೆ ಬಾಗಿದ ಒಂದು ಮುತ್ತುಗದ ಹೂವನ್ನು ಅವಳ ತುಟಿಗೆ ಮುಟ್ಟಿಸಿ ದೇವಿಯ ಪಾದದಲ್ಲಿಟ್ಟರು. ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. “ಇವತ್ತು ನಳದಾಗ ನೀರಿನ ಸಪ್ಪಳ ಕೇಳಿಸತೈತಿ ಬಿಡವಾ!” ಎಂದಳೊಬ್ಬಳು. ದೇವಿಗೆ ಇಟ್ಟದ್ದನ್ನು ಕಸಿದುಕೊಳ್ಳುವ ಎದೆ ರಾಚವ್ವನಿಗೂ ಇರಲಿಲ್ಲ.

ಆಮೇಲಿನ ಅವಳ ಸಂಕಟ ಏನು ಹೇಳಲಿ! ಪ್ರಸಾದದ ಪಂಕ್ತಿಯಲ್ಲಿ ಕೂತಳು, ಅರ್ಧಕ್ಕೇ ಎದ್ದಳು. ಮನೆಗೆ ಬಂದು ಅಡುಗೆಮನೆಯ ಡಬ್ಬಿ ಇಳಿಸಿದಳು, ಮತ್ತೆ ಏರಿಸಿದಳು. ಬಾಯಿ ತುರಿಸುತ್ತಿತ್ತು. ಓಣಿಯವರೆಲ್ಲ ಇನ್ನೂ ಊಟಕ್ಕೆ ಮಠದಲ್ಲಿದ್ದರು. ಹೇಳಲಾಗದಿದ್ದರೂ ಇನ್ನೊಮ್ಮೆ ನೋಡಿಯಾದರೂ ಬರೋಣವೆಂದು ಮಾಸ್ತರನ ಹಿತ್ತಲಿಗೆ ಸುತ್ತಿದಳು.

ಕಿಟಕಿಯಿಂದ ನರಳಿಕೆ ಕೇಳಿಸಿತು. ಇಣುಕಿದಳು. ಒಳಗೆ ಮಂಚದ ಮೇಲೆ ಪಾರವ್ವ! ತವರಿಗೆಲ್ಲಿ ಹೋಗಿದ್ದಳು ಪಾಪ, ಲಕ್ವಾ ಹೊಡೆದು ಬಲಗಡೆಯ ಮೈಯೆಲ್ಲ ಬಿದ್ದುಹೋಗಿತ್ತು. ಮತ್ತೆ ಗಾಳಿಯ ಸುದ್ದಿ ಏಳಬಾರದೆಂದು ಮಾಸ್ತರ ಮುಚ್ಚಿಟ್ಟಿದ್ದ. ಶಾಂಭವಿ ಅವಳ ಬೆನ್ನಿನ ಹುಣ್ಣು ಒರೆಸಿ, ಹಾಸಿಗೆ ಬದಲಿಸಿ, ಪ್ರಸಾದದ ಅನ್ನವನ್ನು ಕಿವುಚಿ ತಿನ್ನಿಸುತ್ತಿದ್ದಳು. ತುಟಿಯಂಚಿನಲ್ಲಿ ಸುರಿದದ್ದನ್ನು ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ಸಣ್ಣ ದನಿಯಲ್ಲಿ ಶಾರದೆಯ ಹಾಡು ಬೇರೆ.

ರಾಚವ್ವ ಕಿಟಕಿ ಬಿಟ್ಟು ಸರಿದಳು. ಹೇಗೋ ತನ್ನ ಮನೆಯ ಕಟ್ಟೆ ಮುಟ್ಟಿದರೆ, ಗಂಡಿನ ಸೋದರತ್ತೆ ಅಲ್ಲಿ ಕಾಯುತ್ತಿದ್ದಳು.

“ಏನವಾ ಅಕ್ಕಾ, ಈ ಓಣಿ ಸಮಾಚಾರ ನಿಮ್ಮನ್ನೇ ಕೇಳಬೇಕಂತ. ಹುಡುಗಿ ಹೆಂಗ?”

ರಾಚವ್ವ ಬಾಯಿ ತೆರೆದಳು, ಮುಚ್ಚಿದಳು. ಬೆಳಗ್ಗೆ ಚುಚ್ಚುತ್ತಿದ್ದ ಮಾತು ಬೇರೆ, ಈಗ ಉಕ್ಕುತ್ತಿದ್ದ ಮಾತೇ ಬೇರೆ. ಎರಡನ್ನೂ ಆಡಬೇಕಾದ ನಾಲಿಗೆ ದೇವಿಯ ಪಾದದಲ್ಲಿತ್ತು.

“ಸುಮ್ಮನಾದ್ರಿ ಅಂದ್ರ ಏನೋ ಐತಿ ಅಂದಂಗಾತು. ನಾ ನಮ್ಮಣ್ಣಗ ಹೇಳತೀನಿ, ಈ ಸಂಬಂಧ ಬ್ಯಾಡಂತ” ಎಂದು ಸೋದರತ್ತೆ ಎದ್ದೇಬಿಟ್ಟಳು.

ರಾಚವ್ವ ಅವಳ ಕೈ ಹಿಡಿದಳು. ದರದರ ಎಳೆದುಕೊಂಡು ಹೋಗಿ ಅದೇ ಕಿಟಕಿಯ ಮುಂದೆ ನಿಲ್ಲಿಸಿದಳು. ಆ ಹೆಂಗಸು ಬಹಳ ಹೊತ್ತು ನೋಡಿ, ಕಣ್ಣೊರೆಸಿಕೊಂಡು ಹಿಂದಿರುಗಿದಳು.

ಸಂಜೆ ಹೊನ್ನವ್ವನ ಮನೆಯಲ್ಲಿ ನಿಶ್ಚಯದ ಎಲೆ ಅಡಿಕೆ ಬದಲಾದವು. ರಾಚವ್ವ ಅಲ್ಲಿಗೆ ಹೋಗಲಿಲ್ಲ. ಬಿಸಿನೀರಿನ ಕೊಡ ಸೊಂಟಕ್ಕಿಟ್ಟುಕೊಂಡು, ಓಣಿಯೆಲ್ಲ ನೋಡುತ್ತಿರುವಂತೆಯೇ, ಮಾಸ್ತರನ ಮನೆಯ ಮುಂಬಾಗಿಲಿಂದ ಒಳಗೆ ಹೋದಳು. ಪಾರವ್ವ ಕಣ್ಣುಮುಚ್ಚುವವರೆಗೆ, ಆರು ವರ್ಷ, ಆ ಕೊಡ ತಪ್ಪಲಿಲ್ಲ.

ಆ ಪಂಚಮಿಯ ಮರುದಿನ ಮಂಗಳಾರತಿಯಾದ ಮೇಲೆ ಅಜ್ಜನವರು ಬಾಡಿದ ಹೂವನ್ನು ಅವಳ ಅಂಗೈಯಲ್ಲಿಟ್ಟರು. “ತಗೋ ತಾಯಿ. ದೇವಿ ತಿರುಗಿ ಕೊಟ್ಟಾಳ.”

ರಾಚವ್ವ ಅವರ ಪಾದಕ್ಕೆ ಹಣೆ ಹಚ್ಚಿದಳು. ಎದ್ದು ನೋಡಿದರೆ ಎದುರಿಗೆ ಹೊನ್ನವ್ವ. ಕಿಟಕಿಯ ಸಂಗತಿ ಸೋದರತ್ತೆಯಿಂದ ತಿಳಿದು, ನಿನ್ನೆ ರಾಚವ್ವ ಆಡಬಂದ ಮಾತು ಯಾರದೆಂದು ಅವಳು ಊಹಿಸಿದ್ದಳು. ಕೆನ್ನೆಗೆ ಬಾರಿಸುತ್ತಾಳೆಂದೇ ಎಲ್ಲರೂ ಉಸಿರು ಹಿಡಿದರು. ಹೊನ್ನವ್ವ ಮುಖಕ್ಕೆ ಮುಖ ಕೊಟ್ಟು ಕೇಳಿದಳು:

“ನಿನ್ನ ಬಾಯಿಗೆ ಅಂಜಿ ನನ್ನ ಮಗಳು ಕತ್ತಲಾಗ ಹಿತ್ತಲ ಬಾಗಿಲಿಂದ ಹೋಗಿ ಬರತಿದ್ಲು, ಯಕ್ಕಾ. ನಾಳಿಂದ ಅಕಿ ಬೆಳಕು ಹರಿದ ಮ್ಯಾಲೆ ಹೋಗಬಹುದೇನು?”