ಆಟದಿಂದ ತೆಗೆದ ಅಳು

ಶಾಲೆಗಳಿಗೆ ಬೇಸಿಗೆ ರಜೆ ಶುರುವಾಗಿ ಒಂದು ವಾರವಾಗಿತ್ತು. ಬೆಳಗಿನ ಪಾಠ ಮುಗಿದ ಮೇಲೂ ಶಿಷ್ಯ ಏಳಲಿಲ್ಲ.

"ಗುರುಗಳೇ, ನನ್ನ ತಮ್ಮ ದಿನವಿಡೀ ಮೊಬೈಲಿನಲ್ಲಿ ಬಂದೂಕಿನ ಆಟ ಆಡುತ್ತಾನೆ. ನಿನ್ನೆ ಊಟಕ್ಕೆ ಕರೆದರೆ, 'ತಾಳಣ್ಣಾ, ಈಗಷ್ಟೇ ನಲವತ್ತೊಂದು ಜನರನ್ನು ಕೊಂದೆ' ಎಂದ. ಎಷ್ಟು ಖುಷಿಯಿಂದ ಹೇಳಿದ ಗೊತ್ತೇ? ಅವನು ಮೃದು ಮನಸ್ಸಿನ ಹುಡುಗ. ಹೀಗೇ ಬಿಟ್ಟರೆ ಕೈತಪ್ಪಿ ಹೋಗುತ್ತಾನೆಂದು ಭಯ. ಮೊಬೈಲನ್ನು ಒಡೆದುಹಾಕಲೇ?"

"ಒಡೆದರೆ ಅವನು ಒಡೆಯುವುದನ್ನೂ ಕಲಿಯುತ್ತಾನೆ. ಕೂತುಕೋ," ಎಂದು ಗುರು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಪ್ರತಿ ವರ್ಷ ಸುಗ್ಗಿಯ ನಂತರ ಬಯಲಾಟ ಆಡುತ್ತಿದ್ದರು. ಅದರಲ್ಲಿ ಒಬ್ಬ ರಾಜ ಇನ್ನೊಬ್ಬ ರಾಜನ ಮಗನನ್ನು ಕೊಲ್ಲುವ ಕಾಳಗವಿತ್ತು. ಕಾಳಗ ಮುಗಿದ ಮೇಲೆ ಸತ್ತವನ ತಾಯಿ ಬಂದು, ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹೆಸರು ಹಿಡಿದು ಅಳುತ್ತಿದ್ದಳು. ತಾಯಿಯ ಪಾತ್ರ ಒಬ್ಬ ಮುದುಕನದು. ಅಷ್ಟು ಹೊತ್ತಿಗೆ ಅರ್ಧ ಜನ ಎಲೆಅಡಿಕೆಗೆಂದು ಎದ್ದು ಹೋಗುತ್ತಿದ್ದರು.

ಆಟದ ಖರ್ಚು ಕೊಡುತ್ತಿದ್ದವನು ಒಬ್ಬ ವ್ಯಾಪಾರಿ. ಒಂದು ವರ್ಷ ಅವನು ಮೇಳದವರಿಗೆ ಹೇಳಿದ: "ಅಳು ಕೇಳೋಕೆ ಬಯಲಿಗೆ ಬರಬೇಕೇನ್ರಯ್ಯಾ? ಮನೆಯಲ್ಲಿ ನನ್ನವಳು ಪುಕ್ಕಟೆ ಅಳುತ್ತಾಳೆ. ಅದನ್ನು ತೆಗೆದು ಇನ್ನೊಂದು ಕಾಳಗ ಹಾಕಿ."

ಎಲ್ಲರೂ ನಕ್ಕರು. ಅಳು ಹೋಯಿತು, ಕಾಳಗ ಬಂತು. ಮುದುಕನ ಕೈಗೆ ತಾಳ ಕೊಟ್ಟರು. ಅಂದಿನಿಂದ ಒಬ್ಬ ಬಿದ್ದ ಕೂಡಲೇ ಮದ್ದಳೆ ಜೋರಾಗುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಮುಂದಿನ ಕಾಳಗ ಶುರುವಾಗುತ್ತಿತ್ತು.

ಊರಿನ ಮಕ್ಕಳು ಅದನ್ನು ನೋಡಿ ಬೆಳೆದರು. ಖಾಲಿ ಕಣದಲ್ಲಿ ಜೋಳದ ದಂಟು ಹಿಡಿದು ಅದನ್ನೇ ಆಡಿದರು. ಬಿದ್ದವನು ಅಲುಗಬಾರದು, ಉಳಿದವರು ಚಪ್ಪಾಳೆ ತಟ್ಟಬೇಕು. ಅದು ನಿಯಮ.

ಒಂದು ಮಧ್ಯಾಹ್ನ ವ್ಯಾಪಾರಿಯ ಮಗ ಚೆನ್ನಿಗ ಹಿಂದಕ್ಕೆ ಬಿದ್ದ. ತಲೆ ತೆನೆ ಒಕ್ಕುವ ರೋಣಗಲ್ಲಿಗೆ ಬಡಿಯಿತು. ಅವನು ಅಲುಗಲಿಲ್ಲ. ಮಕ್ಕಳು ಚಪ್ಪಾಳೆ ತಟ್ಟಿದರು.

"ಈ ಸಲ ಚೆನ್ನಿಗ ಸರಿಯಾಗಿ ಸತ್ತ ನೋಡ್ರೋ! ಯಾವಾಗಲೂ ಕಿಸಕ್ಕನೆ ನಗುತ್ತಿದ್ದ," ಎಂದಳು ಒಬ್ಬಳು. ಮುಂದಿನ ಕಾಳಗ ಶುರುವಾಯಿತು.

ಎತ್ತಿಗೆ ನೀರು ಕುಡಿಸಿಕೊಂಡು ಬರುತ್ತಿದ್ದ ಆ ಮುದುಕ ಇದನ್ನು ಕಂಡ. ಹಗ್ಗ ಬಿಟ್ಟು ಓಡಿಬಂದು ನೆಲದಲ್ಲಿ ಕೂತ. ಹುಡುಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಚೆನ್ನಿಗಾ, ನನ್ನಪ್ಪಾ, ಕಣ್ಣು ಬಿಡೋ" ಎಂದು ಕೂಗಿದ.

ಮಕ್ಕಳು ಸುತ್ತ ಬಂದು ನಿಂತರು. ಒಬ್ಬ ಮೆಲ್ಲಗೆ ಹೇಳಿದ: "ತಾತಾ, ಆಟದಲ್ಲಿ ಇದು ಇಲ್ಲ."

ಆಗ ಮುದುಕನ ಪಂಚೆ ಕೆಂಪಾಗುವುದು ಅವರಿಗೆ ಕಂಡಿತು. ದಂಟು ಎಸೆದು ಎಲ್ಲರೂ ಅತ್ತರು. ಅಳುತ್ತಲೇ ಒಬ್ಬಳು ನೀರಿಗೆ ಓಡಿದಳು, ಇನ್ನೊಬ್ಬ ಮದ್ದು ಕೊಡುವ ಪಂಡಿತನ ಮನೆಗೆ ಓಡಿದ.

ಚೆನ್ನಿಗ ಬದುಕಿದ. ವ್ಯಾಪಾರಿ ಮುದುಕನನ್ನು ಕೇಳಿದ: "ನನ್ನ ಮಗನ ಗೆಳೆಯರು ಇಂಥ ಕಟುಕರೇ?"

"ಕಟುಕರಾಗಿದ್ದರೆ ನನ್ನ ಜೊತೆ ಅಳುತ್ತಿರಲಿಲ್ಲ, ಯಜಮಾನರೇ. ಒಬ್ಬ ಬಿದ್ದ ಮೇಲೆ ಏನು ಮಾಡಬೇಕೆಂದು ನಾವು ಅವರಿಗೆ ತೋರಿಸಿರಲಿಲ್ಲ."

ಮುಂದಿನ ಸುಗ್ಗಿಗೆ ತಾಯಿ ಮತ್ತೆ ರಂಗಕ್ಕೆ ಬಂದಳು. ವ್ಯಾಪಾರಿ ಎಲೆಅಡಿಕೆಗೆ ಏಳಲಿಲ್ಲ.

ಗುರು ಇಲ್ಲಿಗೆ ನಿಲ್ಲಿಸಿದರು. ಶಿಷ್ಯ ಸ್ವಲ್ಪ ಯೋಚಿಸಿ ಹೇಳಿದ: "ಆದರೆ ಮೊಬೈಲಿನಲ್ಲಿ ಸತ್ತವನು ಬಿದ್ದ ಕೂಡಲೇ ಮಾಯವಾಗುತ್ತಾನೆ, ಗುರುಗಳೇ. ಅಲ್ಲಿಗೆ ತಾಯಿಯನ್ನು ಎಲ್ಲಿಂದ ತರಲಿ?"

"ತಮ್ಮನ ಪಕ್ಕ ಹೋಗಿ ಕೂತುಕೊಂಡು, ಸತ್ತವರ ಹೆಸರು ಕೇಳು ಮಗೂ, ನಲವತ್ತೊಂದೂ ಬೇಡ, ಒಂದು ಸಾಕು."